ಅಬ್ರಹಾಮನ ಎರಡು ಅಧ್ಯಾಯಗಳು

ಮನುಷ್ಯ ದೇವರೆದುರು ನೀತಿವಂತನಾಗುವುದು ಕೃಪೆಯಿಂದಲೋ, ವಿಧೇಯತೆಯಿಂದಲೋ? ಈ ಸಂಶಯದಲ್ಲಿ ಎರಡೂ ಪಕ್ಷಗಳು ಕರೆತರುವ ಸಾಕ್ಷಿ ಒಬ್ಬನೇ, ಅಬ್ರಹಾಮ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲ, ಅಬ್ರಹಾಮನ ನಂಬಿಕೆಯೇ ಅವನ ಲೆಕ್ಕಕ್ಕೆ ನೀತಿಯೆಂದು ಸೇರಿತು ಎನ್ನುತ್ತಾನೆ. ಯಾಕೋಬನಾದರೋ, ಮಗ ಇಸಾಕನನ್ನು ಯಜ್ಞವೇದಿಯ ಮೇಲಿಟ್ಟ ಕ್ರಿಯೆಯನ್ನು ಮುಂದಿಡುತ್ತಾನೆ.

ಪೂರ್ವಪಕ್ಷದ ಮಾತು ಹೀಗೆ: ‘ನಂಬಿಕೆಯಿಂದ ಮಾತ್ರ’ ಎಂಬ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಯಾಕೋಬನ ಪತ್ರದಲ್ಲಿ ಒಮ್ಮೆ, ಅದೂ ನಿಷೇಧಕ್ಕಾಗಿ. 1522ರ ಜರ್ಮನ್ ಅನುವಾದದಲ್ಲಿ ಲೂಥರ್ ಪೌಲನ ವಾಕ್ಯಕ್ಕೆ ‘ಮಾತ್ರ’ವನ್ನು ತಾನೇ ಸೇರಿಸಿದ, ಯಾಕೋಬನ ಪತ್ರವನ್ನು ಹುಲ್ಲಿಗೆ ಹೋಲಿಸಿದ. ಒಗ್ಗದ ಸಾಕ್ಷಿಯನ್ನು ಬದಿಗೊತ್ತಿ ಗೆದ್ದರೆ ಅದು ಗೆಲುವೇ? ಆಕ್ಷೇಪ ನ್ಯಾಯವಾದದ್ದೇ. ಆ ‘ಮಾತ್ರ’ ಪೌಲನ ಆಶಯಕ್ಕೆ ಹೊಂದುತ್ತದೆಂದು ನಾನು ಒಪ್ಪುತ್ತೇನೆ. ಯಾಕೋಬನನ್ನು ಹಗುರಾಗಿಸಿದ್ದನ್ನು ಒಪ್ಪಲಾರೆ.

ಅದರ ಅಗತ್ಯವೂ ಇರಲಿಲ್ಲ. ಆದಿಕಾಂಡದಲ್ಲಿ ನಂಬಿಕೆ ನೀತಿಯೆಂದು ಎಣಿಕೆಯಾದದ್ದು 15ನೆಯ ಅಧ್ಯಾಯದಲ್ಲಿ, ಸುನ್ನತಿ 17ರಲ್ಲಿ, ಇಸಾಕನ ಜನನ 21ರಲ್ಲಿ, ಅವನನ್ನು ಯಜ್ಞಕ್ಕೆಂದು ಕರೆದೊಯ್ದ ಮೊರೀಯದ ಬೆಟ್ಟ 22ರಲ್ಲಿ. ಸುನ್ನತಿಗೆ ಮೊದಲೇ ತೀರ್ಪು ಬಂದಿತ್ತೆಂಬ ಅನುಕ್ರಮವೇ ಪೌಲನ ವಾದದ ನೆಲಗಟ್ಟು. ಯಾಕೋಬ 22ನ್ನು ಹಿಡಿದರೂ 15ನ್ನು ಬಿಡುವುದಿಲ್ಲ. ಅಲ್ಲಿ ನುಡಿದದ್ದು ಇಲ್ಲಿ ನೆರವೇರಿತು ಎನ್ನುತ್ತಾನೆ. ಅಬ್ರಹಾಮ ಬೆಟ್ಟ ಹತ್ತಿದ್ದು ತೀರ್ಪು ಗಳಿಸಲಿಕ್ಕಲ್ಲ. ಅದು ಎಂದೋ ಸಿಕ್ಕಿತ್ತು.

ಹಾಗಿದ್ದರೆ ಪಾಪಿಯನ್ನು ನೀತಿವಂತನೆನ್ನುವ ತೀರ್ಪು ಬರೀ ಸೋಗಲ್ಲವೇ? ಕಥೋಲಿಕರ ಟ್ರೆಂಟ್ ಮಹಾಸಭೆ 1547ರ ಜನವರಿ 13ರಂದು, ನೀತೀಕರಣವೆಂದರೆ ಪಾಪಕ್ಷಮೆಯಷ್ಟೇ ಅಲ್ಲ, ಒಳಮನುಷ್ಯನ ನವೀಕರಣವೂ ಹೌದೆಂದು ವಿಧಿಸಿದ್ದು ಈ ಆತಂಕದಿಂದ. ಇದರ ಹಿಂದೆ ಭಾಷೆಯ ಕಥೆಯೂ ಇದೆ. ಪೌಲನ ಗ್ರೀಕ್ ಕ್ರಿಯಾಪದ ನ್ಯಾಯಾಲಯದ್ದು. ಅದರ ಲ್ಯಾಟಿನ್ ರೂಪವನ್ನು ಅಗಸ್ಟೀನ್ ‘ನೀತಿವಂತನನ್ನಾಗಿ ಮಾಡು’ ಎಂದು ಓದಿದ. ಕನ್ನಡದಲ್ಲಿ ಹೇಳುವುದಾದರೆ, ಒಂದು ‘ಎನಿಸು’, ಇನ್ನೊಂದು ‘ಆಗಿಸು’. ಮನುಷ್ಯ ನ್ಯಾಯಾಧೀಶನ ಬಾಯಲ್ಲಿ ಇವೆರಡೂ ಬೇರೆಯೇ. ಅವನ ಮಾತು ಇದ್ದದ್ದನ್ನು ಹೇಳೀತು, ಇಲ್ಲದ್ದನ್ನು ಉಂಟುಮಾಡದು. ಆದರೆ ಸಾರಳಲ್ಲಿ ಮಗುವೇ ಇಲ್ಲದ, ತೊಂಬತ್ತೊಂಬತ್ತರ ಅಬ್ರಾಮನಿಗೆ ‘ಬಹುಜನಾಂಗಗಳ ತಂದೆ’ ಎಂಬರ್ಥದ ಹೆಸರಿಟ್ಟದ್ದೂ ದೇವರ ಮಾತೇ. ಹೆಸರು ಮೊದಲು ಬಂತು, ಮಗ ಆಮೇಲೆ. ಈ ದೇವರು ಎನಿಸಿದ್ದು ಆಗತೊಡಗುತ್ತದೆ. ಆದ್ದರಿಂದ ಟ್ರೆಂಟ್ ಬಯಸಿದ ನವೀಕರಣ ತೀರ್ಪಿನ ಬೆನ್ನಿಗೇ ಬರುತ್ತದೆ, ತೀರ್ಪಿಗೆ ಆಧಾರವಾಗಿ ಅಲ್ಲ.

ಕೃಪೆ ಸೋಮಾರಿತನಕ್ಕೆ ದಾರಿಯೆಂಬ ದೂರಿಗೆ ಪೌಲನೇ ತನ್ನ ಪತ್ರದ 6ನೆಯ ಅಧ್ಯಾಯದಲ್ಲಿ ಉತ್ತರ ಕೊಟ್ಟಿದ್ದಾನೆ. ದೂರು ಮಾತ್ರ ಸುಳ್ಳಲ್ಲ: 1937ರಲ್ಲಿ ‘ಅಗ್ಗದ ಕೃಪೆ’ಯೆಂದು ತನ್ನ ಸಭೆಯನ್ನೇ ಎಚ್ಚರಿಸಿದ ಬೊನ್‌ಹೋಫರ್ ಲೂಥರನ ಪರಂಪರೆಯ ಪಾದ್ರಿಯೇ.

1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರೂ ಕಥೋಲಿಕರೂ ನೀತೀಕರಣದ ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಿದರು. ನೀತಿವಂತ ಏಕಕಾಲಕ್ಕೆ ಪಾಪಿಯೂ ಹೌದೇ ಎಂಬ ತೊಡಕು ಆಗಲೂ ಪೂರ್ತಿ ಬಿಡಲಿಲ್ಲ. ಅದಕ್ಕೂ ನಾನು ಅಬ್ರಹಾಮನ ಬಳಿಗೇ ಹೋಗುತ್ತೇನೆ. 15ರಲ್ಲಿ ತೀರ್ಪು ಪಡೆದವನು 20ರಲ್ಲಿ ಜೀವಭಯದಿಂದ ಗೆರಾರಿನಲ್ಲಿ ಹೆಂಡತಿಯನ್ನು ತಂಗಿಯೆಂದು ಹೇಳಿದ. ತೀರ್ಪು ಹಿಂತೆಗೆದ ಮಾತು ಆ ಪುಟಗಳಲ್ಲಿ ಎಲ್ಲೂ ಇಲ್ಲ.