ಮಾವಿನ ತಳಿರು ಮತ್ತು ಪೂಜ್ಯತೆ

ಪೂರ್ಣಕುಂಭದ ಮುಖದಲ್ಲಿ ನಾವು ಭಕ್ತಿಯಿಂದ ನಿಲ್ಲಿಸುವ ಮಾವಿನ ತಳಿರನ್ನೇ ಚರಕಸಂಹಿತೆಯು ವಾಂತಿಯನ್ನು ತಡೆಯುವ ದ್ರವ್ಯಗಳ ಗಣದಲ್ಲಿಯೂ, ತಿಂದೆಸೆಯುವ ವಾಟೆಯನ್ನು ಮಲವನ್ನು ಕಟ್ಟುವ ಗಣದಲ್ಲಿಯೂ ಎಣಿಸಿರುವುದನ್ನು ಕಂಡಾಗ, ಈ ವೃಕ್ಷವು ಉಪಕಾರಿಯಾದುದರಿಂದ ಪೂಜ್ಯವಾಯಿತೋ, ಪೂಜ್ಯವೆಂದು ಬಗೆದುದರಿಂದ ಅದರ ಉಪಕಾರವು ಗೋಚರವಾಯಿತೋ ಎಂಬ ಜಿಜ್ಞಾಸೆಯು ಹುಟ್ಟುತ್ತದೆ. ಪ್ರಯೋಜನವೊಂದೇ ಪೂಜೆಗೆ ಕಾರಣವೆಂಬ ಮತವನ್ನು ನಾನು ಒಪ್ಪಲಾರೆನು. ಹಾಗಿದ್ದಲ್ಲಿ ನಿತ್ಯವೂ ಹಸಿವನ್ನು ನೀಗುವ ರಾಗಿಯ ಪೈರಿಗೂ ತೋರಣದ ಸ್ಥಾನವು ದೊರೆಯಬೇಕಾಗಿತ್ತು. ಮಲೆನಾಡಿನ ಹೊಳೆದಂಡೆಗಳಲ್ಲಿ ತಾನಾಗಿ ಬೆಳೆದ ಅಪ್ಪೆಮಾವಿನ ಮರದ ಮಿಡಿಯನ್ನು, ನೆಲಕ್ಕೆ ಬಿದ್ದು ಪೆಟ್ಟಾಗದಂತೆ ತೊಟ್ಟಿನೊಡನೆ ಇಳಿಸಿ, ಚಿರುಟುವವರೆಗೆ ಉಪ್ಪಿನಲ್ಲಿಟ್ಟು, ವರ್ಷಗಟ್ಟಲೆ ಕೆಡದಂತೆ ಭರಣಿಯಲ್ಲಿ ಕಾಪಿಡುವ ಗೃಹಿಣಿಯ ಕೈಗಳಲ್ಲಿ ಆಹಾರ, ಔಷಧ, ಆರಾಧನೆಗಳೆಂಬ ಭೇದವೇ ಉಳಿಯದು. ಪೂಜ್ಯತೆಯು ವಸ್ತುವಿನಲ್ಲಿರುವಷ್ಟೇ ಅದನ್ನು ಮುಟ್ಟುವ ಕ್ರಮದಲ್ಲಿಯೂ ಇದೆಯೆಂದು ನನಗೆ ತೋರುವುದು ಇಲ್ಲಿಯೇ. ಆದುದರಿಂದಲೇ, ಮಿಡಿಯ ಆತುರಕ್ಕಾಗಿ ರೆಂಬೆಗಳನ್ನೇ ಕಡಿದುರುಳಿಸುವ ಈಚಿನ ಪದ್ಧತಿಯನ್ನು ನಾನು ಕೇವಲ ನಷ್ಟವೆನ್ನದೆ ಅಧರ್ಮವೆಂದೇ ಕರೆಯುತ್ತೇನೆ.