ಪುಸ್ತಕ ಮೊದಲು ಯಾರ ಕೈಗೆ?

ಅಮ್ಮನಿಗೆ ಖಿನ್ನತೆ ಎಂದು ಎಂಟು ವರ್ಷದ ಮಗುವಿಗೆ ಹೇಳಬೇಕೇ? ‘ತಲೆನೋವು, ಮಲಗಿದ್ದಾಳೆ’ ಎನ್ನುವುದು ನಮ್ಮ ಮನೆಗಳ ರೂಢಿ. ಮಗು ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ತಾನು ಹಟ ಮಾಡಿದ್ದಕ್ಕೇ ಅಮ್ಮ ಹೀಗಾದಳು ಎಂದುಕೊಳ್ಳುತ್ತದೆ. ಅದಕ್ಕಿಂತ ಪುಸ್ತಕ ಓದಿಸುವುದು ವಾಸಿ ಎಂದೇ ನನ್ನ ನಂಬಿಕೆ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಸರಳ ಕನ್ನಡದಲ್ಲಿ ರಾಶಿ ಪುಸ್ತಕ ಬರೆದಿದ್ದಾರೆ, ಕೊರತೆ ಅದರದ್ದಲ್ಲ.

ನನಗೆ ಕಾಣುವ ತೊಡಕು ಬೇರೆ. ಲಕ್ಷಣಗಳ ಪಟ್ಟಿ ಓದಿದ ಮಗು ಅಮ್ಮನ ಮಾಮೂಲಿ ಸಿಡುಕನ್ನೂ ಕಾಯಿಲೆಯ ಲೆಕ್ಕಕ್ಕೆ ಹಾಕಿಬಿಡಬಹುದು. ಪಾಪ, ಅವಳಿಗೆ ಸಿಟ್ಟು ಮಾಡಿಕೊಳ್ಳುವ ಹಕ್ಕೂ ಹೋಯಿತು! 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಒಪ್ಪಿದೆ. ಮನೆಯೊಳಗೂ ಆ ಮರ್ಯಾದೆ ಬೇಡವೇ? ಪುಸ್ತಕ ಮೊದಲು ಅವಳ ಕೈಗೆ ಹೋಗಲಿ. ಯಾವ ಪುಟ, ಯಾವಾಗ ಎಂದು ಅವಳೇ ಹೇಳಲಿ. ಬೇಡವೆಂದರೆ? ಆಗಲೂ, ‘ಇದು ನಿನ್ನಿಂದಾದದ್ದಲ್ಲ ಪುಟ್ಟಾ’ ಎಂದು ಮಗುವಿಗೆ ಹೇಳಲು ಯಾರ ಅಪ್ಪಣೆಯೂ ಬೇಕಿಲ್ಲ.