ಪರದೇಶವನ್ನು ನೋಡಿ ಕಲಿಯುವದು ಏನು?

ವಿದ್ಯಾಭ್ಯಾಸಕ್ಕಾಗಿ ಪರದೇಶಕ್ಕೆ ಹೋಗುವ ಮಕ್ಕಳು ಈಗ ನಮ್ಮ ಸಭೆಗಳಲ್ಲಿಯೂ ಇದ್ದಾರೆ. ಅಲ್ಲಿಯ ಶಿಕ್ಷಕರು ಅವರನ್ನು ಅರಮನೆಗಳಿಗೂ ದೇವಾಲಯಗಳಿಗೂ ಮಾತ್ರವಲ್ಲ, ಆ ದೇಶದವರಿಗೇ ನಾಚಿಕೆ ಹುಟ್ಟಿಸುವ ಸ್ಥಳಗಳಿಗೂ ಕರಕೊಂಡು ಹೋಗುವದುಂಟು. ಅನ್ಯರ ಪಾಪವನ್ನು ನೋಡುವದರಿಂದ ನೋಡುವವನಿಗೆ ಪ್ರಯೋಜನವೇನು? ನಾವು ಅವರಂಥವರಲ್ಲವೆಂಬ ಹೆಮ್ಮೆಯೊಂದೇ ಹುಟ್ಟಬಾರದೋ? ಒಂದೇ ಸ್ಥಳವನ್ನು ಮುಂದಿಟ್ಟು ಇದನ್ನು ವಿಚಾರಿಸುವೆವು.

ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಹೆಸರು ನಮಗೆ ಹೊಸದಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಅಯ್ಯನವರು ಹುಟ್ಟಿದ್ದು ಅಲ್ಲಿಯೇ. ಆ ಸೀಮೆಯ ಗುಡ್ಡದ ಮೇಲೆ ಗ್ರಾಫೆನೆಕ್ ಎಂಬ ಹಳೇ ಅರಮನೆಯುಂಟು. ಸುವಾರ್ತೆಯ ಸಮಾರ್ಯದವನ ಹೆಸರನ್ನಿಟ್ಟುಕೊಂಡ ಪ್ರೊಟೆಸ್ಟಂಟ್ ಧರ್ಮಸಂಸ್ಥೆಯೊಂದು ಅಲ್ಲಿ ಅಂಗವಿಕಲರನ್ನು ಪೋಷಿಸುತ್ತಿತ್ತು. 1939ರ ಅಕ್ಟೋಬರದಲ್ಲಿ ಹಿಟ್ಲರನ ಸರಕಾರವು ಅದನ್ನು ಕಿತ್ತುಕೊಂಡಿತು. 1940ರ ಜನವರಿಯಿಂದ ಡಿಸೆಂಬರದ ವರೆಗೆ ಬುದ್ಧಿ ಮಂದವಾದವರೂ ಮನೋರೋಗಿಗಳೂ ಮೂರ್ಛೆರೋಗಿಗಳೂ ಆದ 10,654 ಮಂದಿ ಅಲ್ಲಿ ವಿಷವಾಯುವಿನಿಂದ ಕೊಲ್ಲಲ್ಪಟ್ಟರು.

ಇದು ರಾಕ್ಷಸರ ಕೆಲಸವೆಂದು ಹೇಳಿ ಸುಮ್ಮನಾಗುವದು ಸುಲಭ. ಆದರೆ ಅದು ಕತ್ತಿಯಿಂದಲ್ಲ, ಕಾಗದದಿಂದ ಆರಂಭವಾಯಿತು. ರೋಗಿಗಳ ಆಶ್ರಮಗಳಿಗೆ ನಮೂನೆಗಳು ಬಂದವು: ರೋಗ ಯಾವದು, ಎಷ್ಟು ವರುಷದಿಂದ ಇದ್ದಾನೆ, ಯಾವ ಕೆಲಸ ಮಾಡಬಲ್ಲನು. ತುಂಬಿ ಕಳುಹಿಸಿದವರಲ್ಲಿ ಅನೇಕರಿಗೆ ಮೊದಲು ಅದರ ಉದ್ದೇಶವೇ ತಿಳಿದಿರಲಿಲ್ಲ. ರೋಗಿಯ ಮುಖವನ್ನು ಕಾಣದ ವೈದ್ಯರು ಕಾಗದದ ಮೇಲೆ ಗುರುತು ಹಾಕಿದರು. ಬಸ್ಸುಗಳು ಬಂದು ಕರಕೊಂಡು ಹೋದವು. ತರುವಾಯ ಸುಳ್ಳು ಕಾರಣವನ್ನು ಬರೆದ ಮರಣಪತ್ರಗಳು ಮನೆಗಳಿಗೆ ಮುಟ್ಟಿದವು. ಇದಕ್ಕೂ ಮುಂಚೆ ಆ ದೇಶದ ಲೆಕ್ಕದ ಪುಸ್ತಕಗಳಲ್ಲಿ, ಇಂಥವರನ್ನು ಸಾಕುವ ಹಣದಿಂದ ಬೇರೆ ಏನೇನು ಮಾಡಬಹುದಿತ್ತೆಂದು ಶಾಲೆಯ ಮಕ್ಕಳಿಗೆ ಲೆಕ್ಕ ಕೊಡಲಾಗಿತ್ತು. ಮನುಷ್ಯನನ್ನು ಖರ್ಚೆಂದು ಎಣಿಸಲು ಕಲಿತ ಮೇಲೆ ಮಿಕ್ಕದ್ದು ಬಹಳ ಕಷ್ಟವಾಗಲಿಲ್ಲವೆಂದು ತೋರುತ್ತದೆ. ಆ ಸೀಮೆಯ ಬಿಷಪರಾದ ಥೆಯೋಫಿಲ್ ವುರ್ಮರು ಮಂತ್ರಿಗೆ ವಿರೋಧಪತ್ರ ಬರೆದದ್ದು 1940ರ ಜುಲೈಯಲ್ಲಿ. ಅಷ್ಟರಲ್ಲಿ ಕೊಲೆ ಆರಂಭವಾಗಿ ಆರು ತಿಂಗಳಾಗಿತ್ತು.

ಯುದ್ಧವು ತೀರಿದ ಮೇಲೆ ಅರಮನೆಯು ತಿರಿಗಿ ಆ ಸಂಸ್ಥೆಯ ಕೈಗೆ ಬಂತು. ಈ ದಿನವೂ ಅಂಗವಿಕಲರು ಅಲ್ಲಿ ವಾಸಿಸಿ ದುಡಿಯುತ್ತಾರೆ. ಸತ್ತವರ ಹೆಸರುಗಳನ್ನು ಬರೆದ ಪುಸ್ತಕವುಂಟು. ಹೆಸರು ತಿಳಿಯದವರ ಜ್ಞಾಪಕಾರ್ಥವಾಗಿ ಅಕ್ಷರಗಳನ್ನು ಕೆತ್ತಿದ ಚಿಕ್ಕ ಕಲ್ಲುಗಳೂ ಉಂಟು. ಈ ಸ್ಥಳದ ವಿಶೇಷವು ಇದೇ ಎಂದು ನಮ್ಮ ಅಭಿಪ್ರಾಯ: ಸತ್ತವರನ್ನು ಕುರಿತು ಕಲಿಯಲು ಬಂದ ವಿದ್ಯಾರ್ಥಿಯು ಜೀವಂತರನ್ನು ಎದುರುಗೊಳ್ಳುತ್ತಾನೆ. ಕಲ್ಲಿನ ಮುಂದೆ ತಲೆಬಾಗಿ ನಿಂತವನು, ದಾರಿಯಲ್ಲಿ ತೊದಲುತ್ತಾ ಮಾತಾಡಿಸಲು ಬಂದವನಿಗೆ ಉತ್ತರ ಕೊಡುವನೋ, ಗಡಿಯಾರವನ್ನು ನೋಡಿ ಬಸ್ಸಿನ ಕಡೆಗೆ ನಡೆಯುವನೋ? ಅವನ ಪ್ರಯಾಣದ ಹಣ ಸಾರ್ಥಕವಾಯಿತೋ ಇಲ್ಲವೋ ಎಂಬದು ಅಲ್ಲಿಯೇ ಗೊತ್ತಾಗುವದು. ಅವನು ಬರೆಯುವ ಪ್ರಬಂಧದಲ್ಲಿ ಗೊತ್ತಾಗಲಾರದು.

ಹಾಗಾದರೆ ದೂರ ಹೋಗಲಾರದ ನಾವು ಏನು ಮಾಡತಕ್ಕದ್ದು? ನಮ್ಮ ತಪ್ಪೊಂದನ್ನು ಹೇಳುತ್ತೇವೆ. ಕೆಲವು ಕಾಲದ ಹಿಂದೆ ಸಭೆಯ ಕುಟುಂಬಗಳ ಪಟ್ಟಿಯನ್ನು ಬರೆಯುತ್ತಾ ಒಂದು ಮನೆಗೆ ಹೋದೆವು. ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳಲು ಐವರೆಂದರು. ಐದೆಂದು ಬರೆದೆವು. ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಮಾತಾಗದ ದನಿಯೊಂದು ಕೇಳಿಸಿತು. ಆ ಹುಡುಗಿಯು ಹುಟ್ಟಿದಂದಿನಿಂದ ನಡೆಯಲಾರದವಳೂ ಮಾತಾಡಲಾರದವಳೂ ಎಂದು ನಾವು ಬಲ್ಲೆವು. ಆದಾಗ್ಯೂ ಮನೆಯವರಿಗೆ ಸಂಕೋಚವಾದೀತೆಂದು ಪುಸ್ತಕವನ್ನು ಮುಚ್ಚಿ ಎದ್ದು ಬಂದೆವು. ಗ್ರಾಫೆನೆಕಿನ ಸಂಗತಿಯನ್ನು ಓದಿದ್ದು ಅದರ ತರುವಾಯ. ಆ ನಮೂನೆಗಳಲ್ಲಿ ಪ್ರತಿಯೊಬ್ಬರ ಹೆಸರಾದರೂ ಇತ್ತು; ನಮ್ಮ ಪಟ್ಟಿಯಲ್ಲಿ ಅದೂ ಇರಲಿಲ್ಲ.

ತಿರಿಗಿ ಆ ಮನೆಗೆ ಹೋಗಿ, ಹುಡುಗಿಯ ಹೆಸರೇನಮ್ಮಾ ಎಂದು ತಾಯಿಯನ್ನು ಕೇಳಿದೆವು. ಆಕೆ ಸ್ವಲ್ಪ ಹೊತ್ತು ನಮ್ಮ ಮುಖವನ್ನೇ ನೋಡಿ, ಆಮೇಲೆ ಹೇಳಿ, ಕೋಣೆಯ ಬಾಗಿಲನ್ನು ತೆರೆದಳು.